ಬೈಕಿನ ಚೈನಿಗೂ ಸ್ವಲ್ಪ ಸಡಿಲ ಬೇಕು

ಹೋದ ವರ್ಷ ಒಂದು ಭಾನುವಾರ ಅಲೀಪುರದ ನಮ್ಮ ಮನೆ ಮುಂದೆ ಬೈಕಿನ ಹಿಂದಿನ ಚಕ್ರ ಬಿಚ್ಚಿ ಹಾಕಿಕೊಂಡು ಕೂತಿದ್ದೆ. ಮಣ್ಣು ದಾರಿಗೂ ಟಾರ್ ರಸ್ತೆಗೂ ಆಗುವಂಥ ಎತ್ತರದ ಬೈಕು. ಟೈರಿಗೆ ಜಾಲಿ ಮುಳ್ಳು ಹೊಕ್ಕಿತ್ತು. ಟ್ಯೂಬಿಗೆ ಪ್ಯಾಚ್ ಹಾಕಿಸಿ ತಂದು, ಚಕ್ರ ಕೂರಿಸಿ, ಚೈನನ್ನು ತಂತಿ ಥರ ಬಿಗಿ ಮಾಡಿದೆ. ಚೂರೂ ಅಲ್ಲಾಡಬಾರದು ಅನ್ನೋದು ನನ್ನ ಲೆಕ್ಕ.

ಪಕ್ಕದ ಮನೆ ಚಾಚಾ ಹರಳಿಗೆ ಸಾಣೆ ಹಿಡಿಯುವವರು. ನಮ್ಮೂರಲ್ಲಿ ಆ ಕಸುಬಿನವರು ಬಹಳ ಮಂದಿ. ಜಗಲಿ ಮೇಲೆ ಕೂತು ನೋಡುತ್ತಿದ್ದವರು, "ಅಷ್ಟು ಬಿಗಿ ಯಾಕಪ್ಪಾ? ಕಲ್ಲನ್ನ ಜಾಸ್ತಿ ಒತ್ತಿದ್ರೆ ಹೊಳಪು ಬರಲ್ಲ, ಬಿರುಕು ಬಿಡುತ್ತೆ" ಅಂದರು. ಇಂಜಿನಿಯರಿಂಗ್ ಓದಿದವನಿಗೇ ಪಾಠವಾ ಅಂತ ನಕ್ಕು ಸುಮ್ಮನಾದೆ.

ಮಾರನೇ ದಿನ ಅಮ್ಮನಿಗೆ ಬಿಪಿ ತೋರಿಸಲು ಗೌರಿಬಿದನೂರಿಗೆ ಹೊರಟೆವು. ಒಂದು ಹಂಪ್ ಇಳಿಯುವಾಗ "ಟಕ್" ಅಂತು. ಚೈನ್ ಕಿತ್ತು ರಸ್ತೆ ಮೇಲೆ ಬಿದ್ದಿತ್ತು. ನಿಧಾನವಾಗಿ ಹೋಗುತ್ತಿದ್ದೆವು, ಬಚಾವಾದೆವು. ಅದೇ ಚೈನ್ ಹಿಂದಿನ ಚಕ್ರಕ್ಕೆ ಸುತ್ತಿಕೊಂಡಿದ್ದರೆ ಚಕ್ರ ಜಾಮ್ ಆಗಿ ಇಬ್ಬರೂ ಬೀಳುತ್ತಿದ್ದೆವು. ಅಮ್ಮ ಬೈಯಲಿಲ್ಲ. ಸೆರಗು ಸರಿ ಮಾಡಿಕೊಂಡು, "ನಾನು ಬಸ್ಸಿಗೆ ಹೋಗ್ತೀನಿ ಬಿಡು" ಅಂದರು ಅಷ್ಟೇ. ಬೈದಿದ್ದರೇ ಚೆನ್ನಾಗಿತ್ತು.

ಬಿಗಿ ಯಾಕೆ ತಪ್ಪು?

ಹಿಂದಿನ ಚಕ್ರವನ್ನು ಹಿಡಿದಿರುವ ಉದ್ದನೆಯ ತೋಳಿಗೆ ಸ್ವಿಂಗ್ ಆರ್ಮ್ ಅಂತಾರೆ. ಗುಂಡಿ ಬಂದಾಗ ಅದು ಮೇಲೆ ಕೆಳಗೆ ಆಡುತ್ತದೆ. ಮುಂದಿನ ಚಿಕ್ಕ ಹಲ್ಲುಚಕ್ರ, ಸ್ವಿಂಗ್ ಆರ್ಮ್ ಕೀಲು, ಹಿಂದಿನ ಆಕ್ಸಲ್ ಈ ಮೂರೂ ಒಂದೇ ಗೆರೆಗೆ ಬಂದಾಗ ಚೈನ್ ಅತಿ ಹೆಚ್ಚು ಎಳೆದಿರುತ್ತದೆ. ಸುಮ್ಮನೆ ನಿಂತ ಬೈಕಿನಲ್ಲೇ ಬಿಗಿ ಮಾಡಿಬಿಟ್ಟರೆ, ಇಬ್ಬರು ಕೂತು ಹಂಪ್ ಇಳಿದಾಗ ಅದಕ್ಕೆ ಚಾಚಲು ಜಾಗವೇ ಇರುವುದಿಲ್ಲ. ಕೊಂಡಿ ಕೀಳುತ್ತದೆ, ಇಲ್ಲವೇ ಬೇರಿಂಗ್ ಹಾಳಾಗುತ್ತದೆ. ಹಾಗಂತ ತೀರಾ ಸಡಿಲ ಬಿಟ್ಟರೆ ಹಲ್ಲಿನಿಂದ ಕಳಚಿ ಬೀಳುತ್ತದೆ. ಮಾಮೂಲಿ ರಸ್ತೆ ಬೈಕುಗಳಲ್ಲಿ ಸುಮಾರು 25ರಿಂದ 35 ಮಿ.ಮೀ. ಸಡಿಲ ಹೇಳಿರುತ್ತಾರೆ. ಸಸ್ಪೆನ್ಷನ್ ಹೆಚ್ಚು ಆಡುವ ಮಣ್ಣು ದಾರಿಯ ಬೈಕಿಗೆ ಇನ್ನೂ ಜಾಸ್ತಿ ಬೇಕು. ನಿಮ್ಮ ಬೈಕಿನ ಸರಿಯಾದ ಅಳತೆ ಮ್ಯಾನುಯಲ್‌ನಲ್ಲಿರುತ್ತದೆ. ಸ್ಟ್ಯಾಂಡ್ ಹೇಗಿಟ್ಟು ಅಳೆಯಬೇಕು ಅನ್ನೋದನ್ನೂ ಅದರಲ್ಲೇ ನೋಡಿ.

ಚಕ್ರ ಕೂರಿಸುವಾಗ

ಬಿಚ್ಚುವ ಮುಂಚೆಯೇ ಎರಡೂ ಕಡೆ ಮೊಬೈಲಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಎಡಬಲದ ಬುಷ್‌ಗಳು ಅದಲು ಬದಲಾದರೆ ಚಕ್ರ ನೇರ ಕೂರುವುದಿಲ್ಲ. ಡಿಸ್ಕ್ ಬ್ರೇಕ್ ಇದ್ದರೆ ಚಕ್ರ ಹೊರಗಿರುವಾಗ ಹಿಂಬ್ರೇಕ್ ಒತ್ತಲೇಬೇಡಿ, ಪ್ಯಾಡ್‌ಗಳು ಕೂಡಿಕೊಂಡು ಡಿಸ್ಕ್ ಒಳಗೆ ಹೋಗುವುದಿಲ್ಲ. ಟೈರ್ ಕೆಳಗೆ ಒಂದು ಹಲಗೆ ಚೂರು ಇಟ್ಟರೆ ಚಕ್ರ ಎತ್ತಿ ಹಿಡಿಯುವ ಕಷ್ಟ ತಪ್ಪುತ್ತದೆ. ಡಿಸ್ಕನ್ನು ಪ್ಯಾಡ್‌ಗಳ ನಡುವೆ ಕೂರಿಸಿ, ಚಕ್ರವನ್ನು ಮುಂದಕ್ಕೆ ತಳ್ಳಿ ಚೈನ್ ಹಾಕಿ, ಆಮೇಲೆ ಹಿಂದಕ್ಕೆಳೆದು ತೆಳ್ಳಗೆ ಗ್ರೀಸ್ ಸವರಿದ ಆಕ್ಸಲ್ ತೂರಿಸಿ. ನಟ್ ಸದ್ಯಕ್ಕೆ ಕೈಬಿಗಿ ಸಾಕು.

ಇನ್ನು ಅಡ್ಜಸ್ಟರ್. ಎರಡೂ ಬದಿ ಸಮಸಮ ತಿರುಗಿಸಿ, ಸ್ವಿಂಗ್ ಆರ್ಮ್ ಮೇಲಿನ ಗೀಟುಗಳು ಎರಡೂ ಕಡೆ ಒಂದೇ ಇರಬೇಕು. ಕೆಳಗಿನ ಚೈನಿನ ನಡುಭಾಗವನ್ನು ಬೆರಳಲ್ಲಿ ಮೇಲೆ ಕೆಳಗೆ ಆಡಿಸಿ ಸ್ಕೇಲ್ ಹಿಡಿದು ಅಳೆಯಿರಿ. ಚಕ್ರ ತಿರುಗಿಸಿ ನಾಲ್ಕೈದು ಕಡೆ ನೋಡಿ, ಎಲ್ಲಿ ಹೆಚ್ಚು ಬಿಗಿ ಇದೆಯೋ ಅಲ್ಲಿನ ಅಳತೆಯೇ ಲೆಕ್ಕಕ್ಕೆ. ಆಕ್ಸಲ್ ನಟ್ ಪೂರ್ತಿ ಬಿಗಿ ಮಾಡಿದ ಮೇಲೆ ಇನ್ನೊಮ್ಮೆ ಅಳೆಯಿರಿ, ಅಳತೆ ಬದಲಾಗಿರಬಹುದು. ಸ್ಪ್ಲಿಟ್ ಪಿನ್ ಇದ್ದರೆ ಹೊಸದೇ ಹಾಕಿ. ಚೈನ್ ಜೋಡಿಸುವ ಕೊಂಡಿಗೆ ಕ್ಲಿಪ್ ಇದ್ದರೆ, ಅದರ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗಿರಬೇಕು.

ಕೊನೆಗೆ, ಗಾಡಿ ಹತ್ತುವ ಮೊದಲು ಹಿಂಬ್ರೇಕ್ ನಾಲ್ಕೈದು ಸಲ ಒತ್ತಿ ಗಟ್ಟಿಯಾಯಿತಾ ನೋಡಿ. ಇದನ್ನು ಮರೆತವರಿಗೆ ಮೊದಲ ತಿರುವಿನಲ್ಲಿ ಬ್ರೇಕೇ ಸಿಗುವುದಿಲ್ಲ.

ಇಡೀ ಕೆಲಸದಲ್ಲಿ ಇಂಜಿನ್ ಬಂದ್, ಗಾಡಿ ನ್ಯೂಟ್ರಲ್, ಕೀಲಿಕೈ ಜೇಬಲ್ಲಿ. ಇಂಜಿನ್ ಓಡಿಸಿಕೊಂಡು ಬಟ್ಟೆಯಲ್ಲಿ ಚೈನ್ ಒರೆಸುವವರನ್ನು ನೋಡಿದ್ದೀನಿ. ಬಟ್ಟೆ ಸಿಕ್ಕಿಕೊಂಡರೆ ಜೊತೆಗೆ ಬೆರಳೂ ಹೋಗುತ್ತದೆ. ಚಕ್ರ ಕೈಯಲ್ಲೇ ತಿರುಗಿಸಿ, ಮಕ್ಕಳನ್ನು ದೂರವಿಡಿ.

ಇದೆಲ್ಲ ಮೆಕ್ಯಾನಿಕ್ ಕೆಲಸ ಅಂತ ಅನಿಸಬಹುದು. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ್‍ಯಾಲಿ ಪೂರ್ತಿ ಮುಗಿಸಿದ ಮೊದಲ ಭಾರತೀಯ. ಆ ರ್‍ಯಾಲಿಯ ಮ್ಯಾರಥಾನ್ ಹಂತಗಳಲ್ಲಿ ರಾತ್ರಿ ತಂಡದ ಮೆಕ್ಯಾನಿಕ್‌ಗಳು ಗಾಡಿ ಮುಟ್ಟುವ ಹಾಗಿಲ್ಲ, ಸವಾರರೇ ನೋಡಿಕೊಳ್ಳಬೇಕು. ನಾವು ರೇಸಿಗೆ ಹೋಗುವವರಲ್ಲ ನಿಜ. ಆದರೆ ನಮ್ಮ ಹಿಂದೆ ಮನೆಯವರು ಕೂತಿರುತ್ತಾರೆ.

ಸೀರೆ, ದುಪಟ್ಟಾದವರು ಹಿಂದೆ ಕೂರುವುದಾದರೆ ಇನ್ನೊಂದು ಮಾತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಹಿಂದೆ ಕೂತವರ ಬಟ್ಟೆ ಸಿಕ್ಕಿಕೊಳ್ಳದ ಹಾಗೆ ಹಿಂದಿನ ಚಕ್ರದ ಅರ್ಧಕ್ಕಾದರೂ ಗಾರ್ಡ್ ಇರಬೇಕು. ಚಕ್ರ ಬಿಚ್ಚುವಾಗ ತೆಗೆದಿಟ್ಟ ಸೀರೆ ಗಾರ್ಡನ್ನು, ಚೈನ್ ಕವರನ್ನು ವಾಪಸ್ ಹಾಕಿ.

ಹೊಸ ಚೈನ್ ಹಾಕಿಸಿದೆ, ಸಡಿಲ ಅಳೆದೇ ಇಟ್ಟೆ. ಅದನ್ನು ನೋಡಿ ಚಾಚಾ, "ಈಗ ಸರಿ ಕೂತಿದೆ" ಅಂದರು. ಅಮ್ಮ ಮಾತ್ರ ಎರಡು ತಿಂಗಳು ಬಸ್ಸಿಗೇ ಹೋದರು. ಈಗ ಮತ್ತೆ ನನ್ನ ಹಿಂದೆ ಕೂರುತ್ತಾರೆ. ಕೂರುವ ಮುಂಚೆ ಒಂದೇ ಪ್ರಶ್ನೆ: "ಚೈನ್ ನೋಡ್ದೇನೋ?"

ನೋಡಿರ್ತೀನಿ.