ಮಗ ಕೇಳುವ ಗ್ರಾಫಿಕ್ಸ್ ಕಾರ್ಡ್

ಯುದ್ಧತಂತ್ರದ ಆಟ ನಿಧಾನವೆಂದು ಮಗ ಗ್ರಾಫಿಕ್ಸ್ ಕಾರ್ಡ್‌ಗೆ ಹಠ ಹಿಡಿದಿದ್ದಾನೆಯೇ? ಸಹೋದರಿಯರೇ, ಹಣ ಕೊಡುವ ಮುನ್ನ ಅವನ ಪಕ್ಕ ಕುಳಿತು ನೋಡಿ. ನಾವು ನೋಡದೆ ಕಾರ್ಡ್ ತಂದೆವು, ಕಾಯುವುದು ತಪ್ಪಲಿಲ್ಲ.

2016ರಲ್ಲಿ ಬಂದ ‘ಸಿವಿಲೈಸೇಶನ್ 6’ರಲ್ಲಿ ಮೊದಲ ಸುತ್ತುಗಳು ಚುರುಕು. ನಗರ, ಸೈನ್ಯ ಬೆಳೆದಂತೆ ಎದುರಾಳಿಗಳ ಪ್ರತಿ ನಡೆಯನ್ನೂ ಪ್ರೊಸೆಸರ್ ಲೆಕ್ಕ ಹಾಕಬೇಕು. ಕಾರ್ಡ್‌ನ ಕೆಲಸ ಮುಖ್ಯವಾಗಿ ಚಿತ್ರ ಬಿಡಿಸುವುದು. ಈ ಆಟಕ್ಕೆ ತಯಾರಕರು ಸೂಚಿಸಿದ ರ‍್ಯಾಮ್ 8 ಜಿಬಿ. ನಿಮ್ಮಲ್ಲಿ 4 ಇದ್ದರೆ ಮೊದಲು ಅದನ್ನು ಹೆಚ್ಚಿಸಿ. ಹಳೆಯ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದರೆ ಆಟ ಬೇಗ ತೆರೆದುಕೊಳ್ಳುತ್ತದೆ, ಆದರೆ ಸುತ್ತುಗಳ ನಡುವಿನ ಕಾಯುವಿಕೆ ಅಷ್ಟಾಗಿ ತಗ್ಗದು. ಅದಕ್ಕೆ ಪ್ರೊಸೆಸರ್ರೇ ಬೇಕು. ಹೊಸದು ಹಳೆಯ ಮದರ್‌ಬೋರ್ಡ್‌ಗೆ ಹೊಂದದಿದ್ದರೆ ಎರಡೆರಡು ಖರ್ಚು. ಅಂಗಡಿಯಲ್ಲಿ ಮೊದಲೇ ಕೇಳಿ. ಅಲ್ಲಿಯವರೆಗೆ ಚಿಕ್ಕ ನಕ್ಷೆ, ಕಡಿಮೆ ಎದುರಾಳಿಗಳನ್ನು ಆರಿಸಿ ಆಡಲಿ. ಅದಕ್ಕೆ ಪೈಸೆ ಖರ್ಚಿಲ್ಲ.