ನೆಲಕ್ಕೆ ತಕ್ಕ ಬೂಟು

ಕಲಬುರಗಿಯ ನೆಹರು ಗಂಜಿಗೆ ಬಂದಿಳಿಯುವ ತೊಗರಿಯ ಮೂಟೆಗಳನ್ನು ನೋಡಿದವರು ಅನೇಕರು. ಆ ತೊಗರಿ ಬೆಳೆದ ಎರೆಭೂಮಿಯಲ್ಲಿ ಮಳೆಗಾಲದಲ್ಲಿ ನಡೆದು ನೋಡಿದವರು ಕಡಮೆ. ಹತ್ತು ಹೆಜ್ಜೆ ಇಡುವಷ್ಟರಲ್ಲಿ ಕಾಲಿಗೆ ಮಣ್ಣು ಮೆತ್ತಿ, ಪಾದವೇ ಒಂದು ಹೊರೆಯಾಗುತ್ತದೆ. ಇಂಥ ನೆಲಕ್ಕೆ ಬೂಟು ಕೊಳ್ಳಹೋದವರು ಸಾಮಾನ್ಯವಾಗಿ ತೂಕವಾದುದನ್ನೂ ದಪ್ಪವಾದುದನ್ನೂ ಆರಿಸುತ್ತಾರೆ. ದಪ್ಪವೇ ಬಾಳಿಕೆಯೆಂಬುದು ತಪ್ಪು ತಿಳಿವಳಿಕೆ. ಯಾವ ನೆಲದ ಮೇಲೆ ನಡೆಯಬೇಕೆಂಬುದನ್ನು ತಿಳಿದ ಮೇಲಲ್ಲವೆ ಬೂಟಿನ ಗುಣವನ್ನು ಅಳೆಯುವುದು?

ಹಿಂದೆ ಇಂಥ ಎತ್ತರದ ಬೂಟುಗಳು ಬೇಟೆಗಾರರ ಸೊತ್ತಾಗಿದ್ದವು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಬಳಿಕ ಬೇಟೆಯ ಕಾಲ ಮುಗಿಯಿತು. ಬೂಟಿನ ಅಗತ್ಯ ಮುಗಿಯಲಿಲ್ಲ. ಹೊಲದ ಬದುವಿನಲ್ಲಿ ಕೊಳಕುಮಂಡಲವೂ ನಾಗರಹಾವೂ ಇರುತ್ತವೆ. 2000ದಿಂದ 2019ರವರೆಗೆ ನಮ್ಮ ದೇಶದಲ್ಲಿ ಹಾವು ಕಡಿದು ವರ್ಷಕ್ಕೆ ಸರಾಸರಿ 58,000 ಜನ ಸತ್ತರೆಂದು ಒಂದು ಅಧ್ಯಯನದ ಅಂದಾಜು. ಕಡಿತಗಳಲ್ಲಿ ಬಹುಪಾಲು ಕಾಲಿಗೇ ಆಗುವಂಥವು. ಹರಡನ್ನು ಮುಚ್ಚುವ ಬೂಟು ಅಭೇದ್ಯ ಕವಚವಲ್ಲ. ಆದರೂ ಬರಿಗಾಲಿಗೂ ಚಪ್ಪಲಿಗೂ ಇಲ್ಲದ ರಕ್ಷಣೆಯನ್ನು ಅದು ಕೊಡುತ್ತದೆ.

ಇನ್ನು ಜಾಲಿಯ ಮುಳ್ಳನ್ನು ನೋಡೋಣ. ಅರುವತ್ತು ಕಿಲೋಗ್ರಾಂ ತೂಕದ ಮನುಷ್ಯನು ಒಂದೇ ಕಾಲಿನ ಮೇಲೆ ನಿಂತರೆ ಸುಮಾರು 600 ನ್ಯೂಟನ್ ಬಲವು 150 ಚದರ ಸೆಂಟಿಮೀಟರಿನ ಅಟ್ಟೆಯ ಮೇಲೆ ಹರಡುತ್ತದೆ. ಎಂದರೆ ಚದರ ಸೆಂಟಿಮೀಟರಿಗೆ 4 ನ್ಯೂಟನ್. ಈ ಭಾರದ ಇಪ್ಪತ್ತನೆಯ ಒಂದು ಪಾಲು, ಎಂದರೆ 30 ನ್ಯೂಟನ್, 0.1 ಚದರ ಮಿಲಿಮೀಟರಿನ ಮುಳ್ಳಿನ ತುದಿಯ ಮೇಲೆ ಬಿದ್ದರೂ ಅಲ್ಲಿಯ ಒತ್ತಡ ಮೊದಲಿನದರ ಏಳು ಸಾವಿರ ಪಟ್ಟಿಗೂ ಮಿಗಿಲು! ಮೆತ್ತನೆಯ ರಬ್ಬರು ಎಷ್ಟು ದಪ್ಪವಿದ್ದರೂ ಉದ್ದನೆಯ ಮುಳ್ಳು ಅದನ್ನು ಸೀಳಿಕೊಂಡು ಬರಬಹುದು. ಅಟ್ಟೆಯ ನಡುವೆ ಗಡಸಾದ ಒಂದು ಪದರವಿದ್ದರೆ ಮುಳ್ಳಿನ ತುದಿಯೇ ಬಾಗುತ್ತದೆ ಅಥವಾ ಮುರಿಯುತ್ತದೆ.

ಅಟ್ಟೆಯ ಹಲ್ಲುಗಳಿಗೂ ಒಂದು ಇತಿಹಾಸವಿದೆ. ಇಟಲಿಯ ಪರ್ವತಾರೋಹಿ ವಿತಾಲೆ ಬ್ರಮಾನಿ ಎಂಬಾತನು 1935ರಲ್ಲಿ ಆಲ್ಪ್ಸ್ ಪರ್ವತದಲ್ಲಿ ಆರು ಮಂದಿ ಸಂಗಡಿಗರನ್ನು ಕಳೆದುಕೊಂಡನು. ಅವರ ಪಾದರಕ್ಷೆಗಳು ಆ ಚಳಿಗೂ ಬಂಡೆಗೂ ತಕ್ಕವಾಗಿರಲಿಲ್ಲ. ಆ ದುಃಖದಿಂದಲೇ ಆಳವಾದ ಹಲ್ಲುಗಳುಳ್ಳ ರಬ್ಬರಿನ ಅಟ್ಟೆ ಹುಟ್ಟಿತು. ಕಮಲಾಪುರವನ್ನು ದಾಟಿ ಬೀದರದ ಜಂಬಿಟ್ಟಿಗೆಯ ನೆಲವನ್ನು ಹತ್ತುವವನಿಗೆ ಅಂಥ ಅಟ್ಟೆ ಒಳ್ಳೆಯದು. ಎರೆಭೂಮಿಯಲ್ಲಿ ಅದೇ ಹಲ್ಲುಗಳು ಶತ್ರುಗಳಾಗುತ್ತವೆ. ಎರೆಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಖನಿಜವು ಅತಿ ತೆಳುವಾದ ಪದರಗಳಿಂದ ಆದುದು. ಪದರಗಳ ನಡುವೆ ನೀರು ನುಗ್ಗಿದಾಗ ಅದು ಉಬ್ಬಿ ಅಂಟಾಗುತ್ತದೆ. ಹಲ್ಲುಗಳ ಸಂದುಗಳಲ್ಲಿ ಆ ಮಣ್ಣು ತುಂಬಿಕೊಂಡರೆ ಹಲ್ಲಿದ್ದೂ ಇಲ್ಲದಂತಾಗಿ ಕಾಲು ಜಾರುತ್ತದೆ. ಆದುದರಿಂದ ಎರೆಗೆ ವಿರಳವಾದ, ಆಳ ಕಡಮೆಯಾದ, ಅಂಚು ಇಳಿಜಾರಾದ ಹಲ್ಲುಗಳೇ ಲೇಸು.

ಬೂಟು ಸಾಯುವುದು ಬಹುಮಟ್ಟಿಗೆ ತೊಗಲು ಸವೆದಲ್ಲ, ಅಟ್ಟೆಯೂ ತೊಗಲೂ ಕೂಡುವ ಸಂದು ಬಿಟ್ಟು. ಪ್ರತಿ ಹೆಜ್ಜೆಯಲ್ಲಿಯೂ ಬೂಟು ಬೆರಳುಗಳ ಬುಡದಲ್ಲಿ ಬಾಗುತ್ತದೆ. ದಿನಕ್ಕೆ ಸಾವಿರಾರು ಬಾರಿ ಆ ಸಂದಿನ ಮೇಲೆ ಎಳೆತ ಬೀಳುತ್ತದೆ. ಬರಿಯ ಅಂಟಿಗಿಂತ ಹೊಲಿಗೆ ಹೆಚ್ಚು ಕಾಲ ತಡೆಯುತ್ತದೆ. ಹೊಲಿದುದಾದರೆ ಸವೆದ ಅಟ್ಟೆಯನ್ನು ತೆಗೆದು ಹೊಸದನ್ನು ಕೂಡಿಸಲೂಬಹುದು. ಇನ್ನೊಂದು ವಿಚಿತ್ರವೆಂದರೆ, ಪಾಲಿಯುರಿಥೇನಿನ ಅಟ್ಟೆಯುಳ್ಳ ಬೂಟು ಪೆಟ್ಟಿಗೆಯಲ್ಲಿ ಸುಮ್ಮನೆ ಇದ್ದರೂ ಹಾಳಾಗುತ್ತದೆ! ಗಾಳಿಯ ತೇವವು ಅದರ ಅಣುಸರಪಣಿಗಳನ್ನು ನಿಧಾನವಾಗಿ ಕತ್ತರಿಸುತ್ತದೆ. ಕೆಲವು ವರ್ಷಗಳ ಮೇಲೆ ತೊಟ್ಟ ದಿನವೇ ಅಟ್ಟೆ ಪುಡಿಯಾಗಬಹುದು. ಬೆಲೆ ಇಳಿಸಿ ಮಾರುವ ಹಳೆಯ ದಾಸ್ತಾನನ್ನು ಕೊಳ್ಳುವ ಮುನ್ನ ಇದನ್ನು ನೆನೆಯಬೇಕು.

ತೊಗಲಿನ ಆರೈಕೆಯೂ ಭೌತಶಾಸ್ತ್ರದ ಮಾತೇ. ಅದರ ಎಳೆಗಳು ಕೊಲಾಜನ್ ಎಂಬ ಪ್ರೋಟೀನಿನವು. ನೆನೆದ ತೊಗಲನ್ನು ಒಲೆಯ ಬಳಿ ಇಟ್ಟರೆ ಎಳೆಗಳು ಕುಗ್ಗಿ, ಗಡುಸಾಗಿ, ಬಿರುಕು ಬಿಡುತ್ತವೆ. ಒದ್ದೆಯಾದ ಬೂಟಿನೊಳಗೆ ಹಳೆಯ ಕಾಗದ ತುರುಕಿ ನೆರಳಿನಲ್ಲಿ ಒಣಗಿಸಿ, ಬಳಿಕ ಎಣ್ಣೆ ಅಥವಾ ಮೇಣವನ್ನು ತೆಳುವಾಗಿ ಸವರುವುದು ಸರಿಯಾದ ಕ್ರಮ.

ಅಂಗಡಿಗೆ ಸಂಜೆಯ ಹೊತ್ತಿನಲ್ಲಿ ಹೋಗಬೇಕು; ದಿನವೆಲ್ಲ ನಡೆದ ಪಾದ ಆಗ ತುಸು ಊದಿರುತ್ತದೆ. ತೊಡುವ ಕಾಲುಚೀಲವನ್ನೇ ಹಾಕಿಕೊಂಡು ನಿಂತು ನೋಡಬೇಕು. ಬೂಟನ್ನು ಕೈಯಲ್ಲಿ ಬಾಗಿಸಿದಾಗ ಅದು ಬೆರಳುಗಳ ಬುಡದಲ್ಲಿ ಬಾಗಬೇಕು, ನಡುವಿನಲ್ಲಲ್ಲ. ಹೊಲಿಗೆಯನ್ನು ಸುತ್ತಲೂ ಕಣ್ಣಿನಿಂದ ಹಿಂಬಾಲಿಸಬೇಕು. ತೂಕವನ್ನೂ ನೋಡಬೇಕು, ಆದರೆ ಕಡಮೆಯಿರುವುದಕ್ಕಾಗಿ: ಕಾಲಿನಲ್ಲಿ ಹೊತ್ತ ಭಾರ ಬೆನ್ನಿನಲ್ಲಿ ಹೊತ್ತ ಅಷ್ಟೇ ಭಾರಕ್ಕಿಂತ ಹಲವು ಪಟ್ಟು ಹೆಚ್ಚು ದಣಿಸುತ್ತದೆ.

ಇಷ್ಟಾದರೂ ಹಾವು ಕಚ್ಚಿದರೆ ಕಟ್ಟು ಬಿಗಿಯದೆ, ಗಾಯ ಕೊಯ್ಯದೆ, ಕಾಲನ್ನು ಅಲುಗಿಸದೆ ತಡವಿಲ್ಲದೆ ಆಸ್ಪತ್ರೆ ಸೇರಬೇಕು. 2024ರಲ್ಲಿ ಕರ್ನಾಟಕ ಸರಕಾರವು ಹಾವಿನ ಕಡಿತವನ್ನು ಆಸ್ಪತ್ರೆಗಳು ವರದಿ ಮಾಡಲೇಬೇಕೆಂದು ಗೊತ್ತುಪಡಿಸಿದೆ. ಆ ಲೆಕ್ಕದಲ್ಲಿ ನಮ್ಮ ರೈತರ ಹೆಸರು ಸೇರದಿರಲು ಮಾಡಬಹುದಾದ ಸುಲಭ ಕೆಲಸಗಳಲ್ಲಿ, ನೆಲಕ್ಕೆ ತಕ್ಕ ಒಂದು ಜೊತೆ ಬೂಟನ್ನು ಆರಿಸುವುದೂ ಒಂದು.