ಅವರೆ ಹೂವಿನ ನೀಲಿ ಚಿಟ್ಟೆ

ರಾಗಿ ಕೊಯ್ಲು ಮುಗಿದ ಮೇಲೆ ಬುಕ್ಕಾಪಟ್ಟಣದ ಸುತ್ತಿನ ಹೊಲಗಳಲ್ಲಿ ಅಕ್ಕಡಿ ಸಾಲಿನ ಅವರೆ ಮಾತ್ರ ಹಸಿರಾಗಿ ಉಳಿದಿರುತ್ತದೆ. ಬಿಸಿಲೇರಿ ಇಬ್ಬನಿ ಆರುತ್ತಿದ್ದಂತೆ ಅದರ ಹೂಗೊಂಚಲುಗಳ ಮೇಲೆ ಸಣ್ಣ ನೀಲಿ ಚಿಟ್ಟೆಗಳು ಸುಳಿದಾಡುವುದನ್ನು ನಮ್ಮ ಬೆಳೆಗಾರರೆಲ್ಲ ನೋಡಿಯೇ ಇರುತ್ತಾರೆ. ಜೇನಿನಂತೆ ಇದೂ ಹೂವಿಗೆ ಬಂದದ್ದೆಂದು ಸುಮ್ಮನಾಗುವವರೇ ಹೆಚ್ಚು. ಕೆಲವು ದಿನಗಳ ನಂತರ ಕಾಯಿಯಲ್ಲಿ ದುಂಡನೆಯ ತೂತು ಕಂಡಾಗ ಔಷಧದ ಅಂಗಡಿಗೆ ಓಡುವವರೂ ಅವರೇ. ಆ ಚಿಟ್ಟೆಗೂ ಈ ತೂತಿಗೂ ಇರುವ ಸಂಬಂಧ ತಿಳಿದರೆ ಖರ್ಚು ಉಳಿದೀತು, ಊಟದ ಕಾಯಿಗೆ ವಿಷ ತಗಲುವುದೂ ತಪ್ಪೀತು.

ಗುರುತು

ಈ ಚಿಟ್ಟೆಗೆ ಇಂಗ್ಲಿಷಿನಲ್ಲಿ ಪೀ ಬ್ಲೂ ಎಂದೂ ಶಾಸ್ತ್ರದಲ್ಲಿ ಲ್ಯಾಂಪಿಡಿಸ್ ಬೀಟಿಕಸ್ ಎಂದೂ ಹೆಸರು. ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ 1767ರಲ್ಲಿ ಇದನ್ನು ವರ್ಣಿಸಿದನು. ರೆಕ್ಕೆ ಬಿಚ್ಚಿದಾಗ ಅಗಲ ಸುಮಾರು 3 ಸೆಂ.ಮೀ. ಗಂಡಿನ ಮೇಲ್ಮೈ ನೇರಳೆ ಬೆರೆತ ನೀಲಿ. ಹೆಣ್ಣಿನದು ಕಂದು, ಬುಡದಲ್ಲಷ್ಟೇ ನೀಲಿ. ರೆಕ್ಕೆ ಮಡಿಸಿ ಕುಳಿತಾಗ ಕಾಣುವ ಅಡಿಭಾಗ ಮಾತ್ರ ಎರಡಕ್ಕೂ ಒಂದೇ: ಮಾಸಲು ಕಂದಿನ ಮೇಲೆ ಅಲೆಅಲೆಯಾದ ಬಿಳಿ ಗೆರೆಗಳು, ಅಂಚಿನ ಸಮೀಪ ಒಂದು ಅಗಲವಾದ ಬಿಳಿ ಪಟ್ಟಿ. ಹಿಂದಿನ ರೆಕ್ಕೆಗಳ ತುದಿಯಲ್ಲಿ ಕೂದಲಿನಂಥ ಬಾಲ, ಅದರ ಬುಡದಲ್ಲಿ ಎರಡು ಕಪ್ಪು ಚುಕ್ಕೆ.

ಆ ಬಾಲವನ್ನು ಮೀಸೆಯೆಂದೂ ಚುಕ್ಕೆಗಳನ್ನು ಕಣ್ಣೆಂದೂ ಹಕ್ಕಿ, ಓತಿಕ್ಯಾತಗಳು ತಿಳಿದು ಅಲ್ಲಿಗೇ ಬಾಯಿ ಹಾಕುತ್ತವೆ. ಚಿಟ್ಟೆ ರೆಕ್ಕೆಯ ಚೂರು ಕಳೆದುಕೊಂಡು ಜೀವ ಉಳಿಸಿಕೊಳ್ಳುತ್ತದೆ. ಹಿಂಬದಿ ಹರಿದ ಚಿಟ್ಟೆಗಳು ಕಾಣುವುದು ಇದೇ ಕಾರಣಕ್ಕೆ.

ಜೀವನಕ್ರಮ

ಹೆಣ್ಣು ಮೊಗ್ಗಿನ ಮೇಲೆ ಒಂದೊಂದಾಗಿ ಸಾಸಿವೆಗಿಂತಲೂ ಸಣ್ಣ ಮೊಟ್ಟೆ ಇಡುತ್ತದೆ. ಹೊರಬಂದ ಹುಳು ಮೊಗ್ಗನ್ನು ಕೊರೆದು ಒಳಗೆ ಸೇರಿ, ದೊಡ್ಡದಾದಂತೆ ಹೂವಿಗೆ, ಅಲ್ಲಿಂದ ಎಳೆಗಾಯಿಗೆ ದಾಟಿ ಕಾಳು ತಿನ್ನುತ್ತದೆ. ಬೆಳೆದ ಹುಳು ಹೆಚ್ಚಾಗಿ ಉದುರಿದ ಎಲೆಗಳ ನಡುವೆ ಕೋಶವಾಗುತ್ತದೆ. ಮೊಟ್ಟೆಯಿಂದ ಚಿಟ್ಟೆಯಾಗಲು, ಹವೆಗೆ ತಕ್ಕಂತೆ, ಹೆಚ್ಚುಕಡಿಮೆ ಒಂದು ತಿಂಗಳು ಸಾಕು.

ಕಾಯಿ ಕೊರೆಯುವ ಹುಳುಗಳೆಲ್ಲ ಇದರವೇ ಅಲ್ಲ. ಹೆಲಿಕೋವರ್ಪ ಎಂಬ ಪತಂಗದ ಹುಳು ಉದ್ದವಾಗಿ, ಉರುಟಾಗಿ, ಅರ್ಧ ಮೈಯನ್ನು ಕಾಯಿಯ ಹೊರಗೇ ಬಿಟ್ಟು ತಿನ್ನುತ್ತದೆ. ನೀಲಿ ಚಿಟ್ಟೆಯದು ಗಿಡ್ಡವಾಗಿ, ಚಪ್ಪಟೆಯಾಗಿ, ತಲೆ ಮೈಯಡಿ ಅಡಗಿರುವ ಹಸಿರು ಅಥವಾ ಕಂದು ಹುಳು. ಅದರ ಬೆನ್ನಿನ ಹಿಂಭಾಗದ ಗ್ರಂಥಿಯಿಂದ ಸಿಹಿ ರಸ ಒಸರುತ್ತದೆ. ಆ ರಸಕ್ಕಾಗಿ ಬರುವ ಇರುವೆಗಳು ಕಣಜಗಳಂಥ ಶತ್ರುಗಳನ್ನು ಹತ್ತಿರ ಸೇರಿಸುವುದಿಲ್ಲ. ಗೊಂಚಲಿನಲ್ಲಿ ಇರುವೆ ಓಡಾಡುತ್ತಿದ್ದರೆ ಅಲ್ಲಿ ಸಸ್ಯಹೇನು ಇದೆಯೇ ನೋಡಿರಿ. ಇಲ್ಲದಿದ್ದರೆ ಮೊಗ್ಗು ಬಿಡಿಸಿ ನೋಡಿರಿ.

ಇದನ್ನು ಊರಿನಿಂದ ಓಡಿಸಲು ಸಾಧ್ಯವೇ?

ಸಾಧ್ಯವಿಲ್ಲ. ಅವರೆ, ತೊಗರಿ, ಅಲಸಂದೆಗಳಲ್ಲದೆ ಬೀಡಿನಲ್ಲಿ ತಾನಾಗಿ ಬೆಳೆಯುವ, ಒಣಗಿದ ಕಾಯಿ ಗಿಲಕಿಯಂತೆ ಸದ್ದು ಮಾಡುವ ಸೆಣಬಿನ ಜಾತಿಯ ಗಿಡಗಳೂ ಇದಕ್ಕೆ ಆಹಾರ. 2019ರಲ್ಲಿ ಚಿಂಕಾರ ವನ್ಯಧಾಮವೆಂದು ಘೋಷಿತವಾದ ಬುಕ್ಕಾಪಟ್ಟಣದ ಕುರುಚಲು ಕಾಡು ನಮ್ಮ ಹೊಲಗಳ ಪಕ್ಕದಲ್ಲೇ ಇದೆ. ಮೇಲಾಗಿ ಇದು ದೂರ ಹಾರಬಲ್ಲ ಚಿಟ್ಟೆ. ಯೂರೋಪು, ಆಫ್ರಿಕ, ಏಷ್ಯ, ಆಸ್ಟ್ರೇಲಿಯಗಳಲ್ಲೆಲ್ಲ ಇದರ ವಾಸ. 2013ರಲ್ಲಿ ಸಮುದ್ರ ದಾಟಿ ಇಂಗ್ಲೆಂಡಿನ ದಕ್ಷಿಣ ತೀರ ಸೇರಿ ಅಲ್ಲಿಯೂ ಮರಿ ಮಾಡಿತು. ಒಂದು ಹೊಲದಲ್ಲಿ ಎಷ್ಟು ಸಿಂಪಡಿಸಿದರೂ ಪಕ್ಕದ ಬೇಲಿಯಿಂದ ಮತ್ತೆ ಬರುತ್ತದೆ.

ಇನ್ನೊಂದು ವಿಷಯ. ನಮ್ಮ ಹಳೆಯ ಅವರೆ ಹಗಲು ಗಿಡ್ಡವಾದ ಕಾಲದಲ್ಲಿ ಮಾತ್ರ ಹೂ ಬಿಡುತ್ತಿತ್ತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಹೆಬ್ಬಾಳ ಅವರೆ 3 ಮತ್ತು 4 ವರ್ಷದ ಯಾವ ಕಾಲದಲ್ಲಾದರೂ ಹೂ ಬಿಡುತ್ತವೆ. ಇದರಿಂದ ನಮಗೆ ಅನುಕೂಲವಾದದ್ದು ನಿಜ. ಆದರೆ ಒಂದೇ ತಾಕಿನಲ್ಲಿ ಬಿಡದೆ ಅವರೆ ಹಾಕಿದರೆ ಚಿಟ್ಟೆಗೂ ವರ್ಷವಿಡೀ ಊಟ ಬಡಿಸಿದಂತೆ. ನಡುವೆ ರಾಗಿಯನ್ನೋ ಜೋಳವನ್ನೋ ಬೆಳೆಯುವುದು ಲೇಸು.

ಬೆಳೆಗಾರರು ಮಾಡಬೇಕಾದುದು

ಹುಳು ಕಾಯಿಯೊಳಗೆ ಸೇರಿದ ಮೇಲೆ ಹೊರಗಿನ ಸಿಂಪರಣೆ ಅದಕ್ಕೆ ಸರಿಯಾಗಿ ತಗಲುವುದಿಲ್ಲ. ತಗಲುವುದು ನಾಳೆ ನಾವು ಬಿಡಿಸಿ ಸಾರು ಮಾಡುವ ಕಾಯಿಗೆ, ಹೂವಿಗೆ ಬರುವ ಜೇನಿಗೆ. ಆದ್ದರಿಂದ ಹಾರುವ ಚಿಟ್ಟೆಯನ್ನೋ ತೂತಾದ ಕಾಯಿಯನ್ನೋ ನೋಡಿ ಔಷಧ ಹೊಡೆಯಬೇಡಿರಿ. ನೋಡಬೇಕಾದದ್ದು ಮೊಗ್ಗು. ಮೊಗ್ಗು ಮೂಡಿದಂದಿನಿಂದ ಎರಡು ದಿನಕ್ಕೊಮ್ಮೆ ಹೊಲದ ಬೇರೆ ಬೇರೆ ಕಡೆ ಕೆಲವು ಗೊಂಚಲುಗಳನ್ನು ಪರೀಕ್ಷಿಸಿರಿ. ಅಲ್ಲೊಂದು ಇಲ್ಲೊಂದು ಹುಳುವಿದ್ದರೆ ಕೈಯಿಂದ ಕಿತ್ತರೆ ಸಾಕು. ಹೆಚ್ಚಿದ್ದರೆ 5 ಕೆ.ಜಿ. ಬೇವಿನ ಬೀಜದ ತಿರುಳನ್ನು ಕುಟ್ಟಿ, ರಾತ್ರಿ ನೀರಿನಲ್ಲಿ ನೆನೆಸಿ, ಸೋಸಿ, 100 ಲೀಟರ್ ಮಾಡಿಕೊಂಡು, ಜೇನು ಗೂಡು ಸೇರಿದ ಮೇಲೆ ಸಂಜೆ ಸಿಂಪಡಿಸಿರಿ.

ಅಡಿಕೆ, ತೆಂಗಿನ ಸಾಲುಗಳ ನಡುವೆ ಹಸಿರೆಲೆ ಗೊಬ್ಬರಕ್ಕೆ ಸೆಣಬು ಬಿತ್ತುವವರಿಗೆ, ಎಳೆಯ ಕಾಫಿ ಗಿಡಗಳ ನಡುವೆ ಅಲಸಂದೆ ಹಾಕುವವರಿಗೆ ಇದರ ಭಯ ಬೇಡ. ಗೊಬ್ಬರಕ್ಕೆ ಬೇಕಾದದ್ದು ಸೊಪ್ಪು, ಕಾಳಲ್ಲ. ಹೂವಿನ ಹಂತದಲ್ಲೇ ಮಣ್ಣಿಗೆ ಮಗುಚಿದರೆ ಹುಳುವೂ ಅದರೊಡನೆ ಹೋಗುತ್ತದೆ. ಸೆಣಬಿನ ಮೇಲೆ ನೀಲಿ ಚಿಟ್ಟೆ ಕಂಡಿತೆಂದು ತೋಟಕ್ಕೆ ವಿಷ ಹೊಡೆದವರು ತಮ್ಮ ತೆಂಗಿನ ಹೂವಿಗೆ ಬರುವ ಜೇನನ್ನೇ ಕಳೆದುಕೊಂಡಾರು.

ನಾಲ್ಕು ಕಾಯಿ ತಿಂದರೂ ಈ ಚಿಟ್ಟೆ ನಮ್ಮ ನೆಲದ್ದೇ ಜೀವ. ಅದರ ಪಾಲು ಎಷ್ಟೆಂದು ಮೊದಲು ಎಣಿಸಿ, ಆಮೇಲೆ ಕೈ ಎತ್ತೋಣ.